ನವಾರು ಮಂಚ ಸಂಡಿಗೆ ಮಂಚ ಆಯ್ತು

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟು ಹೋಗುತ್ತದೆ ಅನ್ನುತ್ತಾರಲ್ವಾ, ನಮ್ಮ ಮನೆಯಲ್ಲಿ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಸಂಡಿಗೆ ಯಾವಾಗ ಇಡೋದು?" ಬೆಂಗಳೂರಿನಲ್ಲಿ ಸಂಡಿಗೆಗೆ ಸಿಗುವ ಕಾಲ ತುಂಬಾ ಚಿಕ್ಕದು. ಜನವರಿಯಲ್ಲಿ ಬಿಸಿಲಿದ್ದರೂ ಬೆಳಗ್ಗೆ ಇಬ್ಬನಿ, ಗಾಳಿಯಲ್ಲಿ ತಂಪು. ಏಪ್ರಿಲ್ ಬಂತು ಅಂದರೆ ಮಾವಿನ ಮಳೆ, ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು. ನಡುವೆ ಫೆಬ್ರವರಿ, ಮಾರ್ಚ್ ಎರಡೇ ತಿಂಗಳು. ಆಗ ಗಾಳಿ ವರ್ಷದಲ್ಲೇ ಅತಿ ಒಣ, ಮಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮಾರ್ಚ್‌ನಲ್ಲಿ ಬಿಸಿಲು 32–33 ಡಿಗ್ರಿಯವರೆಗೂ ಏರುತ್ತದೆ. ಅಂದರೆ ಯುಗಾದಿಯೊಳಗೆ ಕೆಲಸ ಮುಗಿಸಿಕೊಳ್ಳಬೇಕು.

ನಮ್ಮದು ಹನುಮಂತನಗರದಲ್ಲಿ ಎರಡು ಮಹಡಿಯ ಮನೆ. ತಾರಸಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ತೊಂದರೆ ಬೇರೆ ಕಡೆ ಇತ್ತು. ನೆಲದ ಮೇಲೆ ಪಂಚೆ ಹಾಸಿ ಸಂಡಿಗೆ ಇಡಲು ಅತ್ತೆಗೆ ಈಗ ಮಂಡಿ ಬಗ್ಗುವುದಿಲ್ಲ. ಪಾರಿವಾಳಗಳು ಎಷ್ಟು ಜಾಸ್ತಿಯಾಗಿವೆ ಎಂದರೆ ಹತ್ತು ನಿಮಿಷ ಕಣ್ಣು ತಪ್ಪಿಸುವಂತಿಲ್ಲ. ಹಿಂದೆಲ್ಲ ಮಕ್ಕಳ ಕೈಗೊಂದು ಕೋಲು ಕೊಟ್ಟು ಕಾಯಲು ಕೂರಿಸುತ್ತಿದ್ದರು. ಮಾರ್ಚ್‌ನಲ್ಲಿ ಮಗಳಿಗೆ ಪರೀಕ್ಷೆ, ಅವಳನ್ನು ಕೂರಿಸುವುದು ಹೇಗೆ? ಜೊತೆಗೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಸಿಮೆಂಟ್ ಧೂಳು. ರಸ್ತೆಯ ಹೊಂಗೆ ಮರ ಈ ಕಾಲಕ್ಕೇ ಎಲೆ ಉದುರಿಸುತ್ತದೆ.

"ಈ ಸಲ ಬೇಡ ಬಿಡಮ್ಮ, ಅಂಗಡೀಲಿ ಸಿಗುತ್ತೆ" ಅಂದರು ಅತ್ತೆ. ಅವರು ಅಷ್ಟು ಸುಲಭವಾಗಿ ಬಿಡುವವರಲ್ಲ. ಆ ಮಾತು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಕೂತು ಮಾಡುವಷ್ಟು ಎತ್ತರದ, ಮೇಲೆ ಬಲೆ ಇರುವ, ಅಡಿಯಿಂದಲೂ ಗಾಳಿ ಆಡುವ ಒಂದು ಮಂಚ ಮಾಡಲೇಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಸಿಕ್ಕಿದ್ದು ಏನು

ಮೆಟ್ಟಿಲ ಕೆಳಗೆ ಮಾವನ ಹಳೆಯ ಕಬ್ಬಿಣದ ಮಂಚ ಇತ್ತು. ಒಂದಿಂಚಿನ ಪೈಪಿನ ಚೌಕಟ್ಟು, ಆರಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅದಕ್ಕೆ ಹೆಣೆದಿದ್ದ ಹತ್ತಿ ನವಾರು, ಅಂದರೆ ಅಗಲ ಬಟ್ಟೆಯ ಪಟ್ಟಿ, ಪುಡಿಪುಡಿಯಾಗಿತ್ತು, ಎಳೆದರೆ ಕೈಗೇ ಬರುತ್ತಿತ್ತು. ಚೌಕಟ್ಟು ಮಾತ್ರ ಗಟ್ಟಿ. ಪೈಪಿನ ಮೇಲೆ ತುಕ್ಕು ಇತ್ತು, ತೂತು ಬಿದ್ದಿರಲಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಎಲ್ಲ ಕಡೆ ಒಂದೇ ಥರದ ಸದ್ದು. ತೆಳುವಾದ ಕಡೆ ಸದ್ದು ಮಂಕಾಗಿ ಬರುತ್ತದೆ. ಹಳೆ ಮಂಚ ಯಾರಾದರೂ ಇಟ್ಟುಕೊಂಡಿದ್ದರೆ ಮೊದಲು ಈ ಪರೀಕ್ಷೆ ಮಾಡಿ. ಕಾಲು ಮತ್ತು ಚೌಕಟ್ಟು ಸೇರುವ ಮೂಲೆಗಳನ್ನು ಮುಖ್ಯವಾಗಿ ನೋಡಿ. ನೀರು ನಿಲ್ಲುವುದು ಅಲ್ಲೇ.

ಕಾಲಿನ ಬೋಲ್ಟ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ರಾತ್ರಿ ಸೀಮೆಎಣ್ಣೆ ಬಿಟ್ಟು, ಬೆಳಗ್ಗೆ ಸ್ಪ್ಯಾನರ್ ಹಾಕಿ ಒಂಚೂರು ಬಿಗಿಸುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಿದರೆ ಬಿಚ್ಚಿಕೊಳ್ಳುತ್ತವೆ. ಒಂದು ಮಾತ್ರ ಬರಲಿಲ್ಲ, ಅದನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕುಯ್ದು ಹೊಸದು ಹಾಕಿದೆ.

ತುಕ್ಕು ಮತ್ತು ಬಣ್ಣ

ವೈರ್ ಬ್ರಷ್‌ನಿಂದ ಸಡಿಲ ತುಕ್ಕು, 80ರ ಸ್ಯಾಂಡ್ ಪೇಪರಿನಿಂದ ಉಳಿದದ್ದು, 120ರಿಂದ ನುಣುಪು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಹಳೆ ಬಣ್ಣದ ಪುಡಿ ಒಳ್ಳೆಯದಲ್ಲ. ಮಕ್ಕಳನ್ನು ತಾರಸಿಗೆ ಬಿಡಬೇಡಿ. ಆಮೇಲೆ ಥಿನ್ನರ್ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟ್, ಮೇಲೆ ಎನಾಮಲ್ ಎರಡು ಕೋಟ್.

ಇಲ್ಲಿ ನಮ್ಮೂರಿನ ಹವೆಯ ಒಂದು ವಿಷಯ ಹೇಳಬೇಕು. ಜನವರಿ ಕೊನೆಯಲ್ಲಿ ಬೆಳಗ್ಗೆ ಎಂಟಕ್ಕೆ ಪೈಪ್ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ, ಕಣ್ಣಿಗೆ ಕಾಣದಷ್ಟು ತೇವ ಅದರ ಮೇಲೆ ಕೂತಿರುತ್ತದೆ. ಆ ಹೊತ್ತಿಗೆ ಬಣ್ಣ ಹಚ್ಚಿದರೆ ಮುಂದೆ ಪದರಪದರವಾಗಿ ಏಳುತ್ತದೆ. ಹತ್ತು ಗಂಟೆ ದಾಟಿ ಕಬ್ಬಿಣ ಬೆಚ್ಚಗಾದ ಮೇಲೆ ಶುರು ಮಾಡಿ, ಮೂರರೊಳಗೆ ಮುಗಿಸುವುದು ಒಳ್ಳೆಯದು. ಸಂಜೆ ಹಚ್ಚಿದ ಬಣ್ಣ ರಾತ್ರಿಯ ತಂಪಿಗೆ ಅಂಟಂಟಾಗಿಯೇ ಉಳಿದು ಹೊಂಗೆ ಎಲೆ, ಧೂಳು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಕೊನೆಯ ಕೋಟ್ ಆದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಲ್ಲೇ ಬಿಟ್ಟೆ. ತಿನ್ನುವ ಪದಾರ್ಥ ಈ ಬಣ್ಣಕ್ಕೆ ನೇರವಾಗಿ ತಾಗುವುದಿಲ್ಲ, ನಡುವೆ ನವಾರು, ಬಟ್ಟೆ ಇರುತ್ತದೆ. ಆದರೂ ವಾಸನೆ ಇರಬಾರದು. ಅಕ್ಕಿ ಹಿಟ್ಟು ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ.

ನವಾರು ಹೆಣೆಯುವುದು

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಲಗುವ ಮಂಚಕ್ಕೆ ನವಾರನ್ನು ಒತ್ತೊತ್ತಾಗಿ ಹೆಣೆಯುತ್ತಾರೆ. ಸಂಡಿಗೆಗೆ ಸಂದು ಬೇಕು. ಎರಡೂವರೆ ಇಂಚಿನ ನೈಲಾನ್ ನವಾರು ತಗೊಂಡು, ಪಟ್ಟಿ ಎಷ್ಟು ಅಗಲವೋ ಅಷ್ಟೇ ಸಂದು ಬಿಟ್ಟೆ. ಹೀಗಾದರೆ ಮೂವತ್ತಿಂಚು ಅಗಲಕ್ಕೆ ಉದ್ದುದ್ದ ಆರು ಪಟ್ಟಿ, ಆರಡಿ ಉದ್ದಕ್ಕೆ ಅಡ್ಡಡ್ಡ ಹದಿನಾಲ್ಕು ಪಟ್ಟಿ. ಉದ್ದಕ್ಕೆ 36 ಅಡಿ, ಅಡ್ಡಕ್ಕೆ 35 ಅಡಿ, ಪ್ರತಿ ತಿರುವಿನಲ್ಲೂ ಪೈಪಿಗೆ ಒಂದು ಸುತ್ತು ಹಾಕಿ ಪಕ್ಕಕ್ಕೆ ಸರಿಯಲು ಸುಮಾರು ಎಂಟೊಂಬತ್ತು ಇಂಚು. ಎಲ್ಲ ಸೇರಿ 84 ಅಡಿ, ಅಂದರೆ 26 ಮೀಟರ್ ಹತ್ತಿರ. ಚಿಕ್ಕಪೇಟೆಯ ಕಡೆ ಹೋದಾಗ ಹಗ್ಗ, ಗೋಣಿಚೀಲ ಮಾರುವ ಅಂಗಡಿಯಲ್ಲಿ ಮೂವತ್ತು ಮೀಟರ್ ತಂದೆ. ಹತ್ತಿ ನವಾರೂ ಇತ್ತು. ಕೈಗೆ ಹಿತ, ನೋಡಲೂ ಚಂದ, ಆದರೆ ಒದ್ದೆ ಬಟ್ಟೆಯ ಕೆಳಗೆ ದಿನವೂ ನೆನೆದರೆ ಬೂಸ್ಟು ಹಿಡಿಯುತ್ತದೆ. ನೈಲಾನಾದರೆ ಸೋಪು ಹಾಕಿ ತೊಳೆದು ಹರವಿದರೆ ಮುಗಿಯಿತು.

ನವಾರಿನ ತುದಿಯನ್ನು ಮೇಣದಬತ್ತಿಗೆ ಹಿಡಿದು ಒಂಚೂರು ಕರಗಿಸಿ, ಎಳೆ ಬಿಚ್ಚದ ಹಾಗೆ ಮಾಡಿಕೊಂಡೆ. ಆ ತುದಿಯನ್ನು ಪೈಪಿಗೆ ಸುತ್ತಿ, ದಬ್ಬಳದಲ್ಲಿ ದಪ್ಪ ನೈಲಾನ್ ದಾರ ಪೋಣಿಸಿ ನವಾರಿಗೇ ಸೇರಿಸಿ ಹೊಲಿದೆ. ಗಂಟು ಹಾಕಿದರೆ ಅಲ್ಲೇ ಗುಬುಟು ಬಂದು ಬಟ್ಟೆ ಸಮ ಕೂರುವುದಿಲ್ಲ.

ಮೊದಲು ಉದ್ದದ ಪಟ್ಟಿಗಳು. ತಲೆಯ ಕಡೆಯ ಪೈಪಿನಿಂದ ಕಾಲಿನ ಕಡೆಗೆ ಒಯ್ದು, ಪೈಪಿಗೆ ಒಂದು ಪೂರ್ತಿ ಸುತ್ತು, ಐದಿಂಚು ಪಕ್ಕಕ್ಕೆ ಸರಿಸಿ, ವಾಪಸ್. ಒಬ್ಬರಿಂದ ಆಗುವ ಕೆಲಸ ಇದಲ್ಲ. ನಾನು ಎಳೆಯುವಾಗ ಆ ಕಡೆ ಮಾವ ಸುತ್ತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ನಾನು ಜೋರಾಗಿ ಎಳೆಯಲು ಹೋದಾಗ ಅವರು ತಡೆದರು.

"ಉದ್ದದ್ದು ಈಗ್ಲೇ ಬಿಗಿ ಮಾಡ್ಬೇಡಮ್ಮ. ಅಂಗೈ ಇಟ್ಟು ಒತ್ತಿದ್ರೆ ಎರಡು ಬೆರಳು ಇಳೀಬೇಕು. ಅಡ್ಡ ಹಾಕ್ತಾ ಹಾಕ್ತಾ ತಾನೇ ಬಿಗಿಯಾಗುತ್ತೆ."

ಅವರು ಚಿಕ್ಕವರಿದ್ದಾಗ ಮನೆಗೆ ಬಂದು ನವಾರು ಹೆಣೆಯುತ್ತಿದ್ದವರ ಪಕ್ಕ ಕೂತು ನೋಡಿ ಕಲಿತದ್ದಂತೆ. ಅಡ್ಡ ಪಟ್ಟಿಗಳನ್ನು ಶುರು ಮಾಡಿದ ಮೇಲೆ ಆ ಮಾತು ಎಷ್ಟು ಸರಿ ಅಂತ ಗೊತ್ತಾಯಿತು. ಅಡ್ಡ ಪಟ್ಟಿ ಒಂದರ ಮೇಲೆ, ಒಂದರ ಕೆಳಗೆ ಹೋಗುತ್ತದಲ್ಲ, ಪ್ರತಿ ಸಲ ಹೋಗುವಾಗಲೂ ಉದ್ದದ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುತ್ತದೆ. ಆ ಬಾಗಿಗೆ ಬೇಕಾದ ಹೆಚ್ಚುವರಿ ನವಾರು ಉದ್ದದ ಪಟ್ಟಿಯಿಂದಲೇ ಬರಬೇಕು. ಅರ್ಧ ಮಂಚ ಹೆಣೆಯುವಷ್ಟರಲ್ಲಿ ಬೆರಳಿಗೆ ತಾಗುತ್ತಿದ್ದ ಸಡಿಲ ಹೋಗಿತ್ತು. ಕೊನೆಯ ಎರಡು ಪಟ್ಟಿ ತೂರಿಸಲು ಕೈ ಸಾಲದೆ ಚಪಾತಿ ಮಗುಚುವ ಕೈಯನ್ನು ಸಂದಿಗೆ ಹಾಕಿ ದಾರಿ ಮಾಡಿಕೊಳ್ಳಬೇಕಾಯಿತು. ಮೊದಲೇ ಬಿಗಿ ಎಳೆದಿದ್ದರೆ ಕೊನೆಗೆ ಒಂದಡಿ ಜಾಗ ಹಾಗೇ ಖಾಲಿ ಬಿಡಬೇಕಾಗುತ್ತಿತ್ತು.

ಮಂಚದ ಸರಿ ನಡುವೆ ಮಾತ್ರ ಸಂದು ಬಿಡದೆ ಎರಡು ಅಡ್ಡ ಪಟ್ಟಿಗಳನ್ನು ಒತ್ತಾಗಿ ಹಾಕಿದೆ. ಮುಚ್ಚಳದ ಎರಡು ಭಾಗಗಳು ಅಲ್ಲಿ ಬಂದು ಸೇರುತ್ತವೆ, ಅವಕ್ಕೆ ಆಧಾರ ಬೇಕು. ಮುಗಿದ ಮೇಲೆ ಮಾವ ಮಂಚದ ಮೇಲೆ ಕೂತು, ಆಮೇಲೆ ಮಲಗಿಯೂ ನೋಡಿದರು.

ಬಲೆಯ ಮುಚ್ಚಳ

ಮುಚ್ಚಳ ಒಂದೇ ತುಂಡಾಗಿದ್ದರೆ ಎತ್ತಲು ಇಬ್ಬರು ಬೇಕು. ಬಳಸುವವರು ಅತ್ತೆ, ಹಾಗಾಗಿ ಎರಡು ಭಾಗ ಮಾಡಿದೆ. ಒಂದೊಂದೂ ಮೂರಡಿ ಉದ್ದ, ಎರಡೂವರೆ ಅಡಿ ಅಗಲ, ಅರ್ಧ ಅಡಿ ಎತ್ತರದ ಪೆಟ್ಟಿಗೆ. ಮೇಲೊಂದು ಚೌಕ, ಕೆಳಗೊಂದು ಚೌಕ, ನಾಲ್ಕು ಮೂಲೆಗೆ ಪುಟ್ಟ ಕಂಬ. ಬದಿಗಳನ್ನು ಹಲಗೆ ಹಾಕಿ ಮುಚ್ಚಲಿಲ್ಲ. ಮಾರ್ಚ್ ತಿಂಗಳ ಒಣ ಗಾಳಿ ಅಡ್ಡಡ್ಡಲಾಗಿ ಬೀಸಿಕೊಂಡು ಹೋಗಬೇಕು. ಸಂಡಿಗೆ ಒಣಗಿಸುವುದರಲ್ಲಿ ಬಿಸಿಲಿನಷ್ಟೇ ಕೆಲಸ ಗಾಳಿಯದ್ದು. ತೇವ ಮೇಲೆದ್ದು ಬಂದರೆ ಸಾಲದು, ಅಲ್ಲಿಂದ ಆಚೆ ಹೋಗಬೇಕಲ್ಲ.

ಟಿಂಬರ್ ಡಿಪೋದಿಂದ ಸಿಲ್ವರ್ ಓಕ್ ರೀಪರ್, ಅಂದರೆ ಮರದ ತೆಳು ಪಟ್ಟಿ ತಂದೆ. ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಒಂದು ಭಾಗಕ್ಕೆ 24 ಅಡಿ ಬೇಕು, ಎರಡಕ್ಕೆ 48. ಕತ್ತರಿಸುವಾಗ ಹೋಗುವುದನ್ನು ಸೇರಿಸಿ 55 ಅಡಿ. ಸಿಲ್ವರ್ ಓಕ್ ಹಗುರ, ಅಗ್ಗ, ಆದರೆ ಡಿಪೋದಲ್ಲಿ ಹಸಿ ಇರುವುದು ಜಾಸ್ತಿ. ತಂದ ದಿನವೇ ಕುಯ್ದು ಜೋಡಿಸಿದರೆ ಬಿಸಿಲಿಗೆ ಬಿಲ್ಲಿನಂತೆ ಬಾಗುತ್ತದೆ. ನೆರಳಲ್ಲಿ, ಕೆಳಗೆ ಕಡ್ಡಿ ಕೊಟ್ಟು, ಮೇಲೆ ಇಟ್ಟಿಗೆ ಹೇರಿ ವಾರಗಟ್ಟಲೆ ಬಿಟ್ಟೆ. ಅಷ್ಟರಲ್ಲಿ ಮಂಚದ ಬಣ್ಣದ ಕೆಲಸ ನಡೆಯಿತು.

ಮೂಲೆಗಳಿಗೆ ಅರ್ಧಕ್ಕರ್ಧ ಕಚ್ಚು ಹಾಕಿದೆ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಆರು ನೂಲು ದಪ್ಪದ ರೀಪರಿನಲ್ಲಿ ಮೂರು ನೂಲು ಇದರದ್ದು, ಮೂರು ನೂಲು ಅದರದ್ದು. ಗರಗಸದಿಂದ ಸಾಲಾಗಿ ಗೀರಿ, ಉಳಿಯಿಂದ ಎಬ್ಬಿಸಿದರೆ ಆಯಿತು. ಫೆವಿಕಾಲ್ ಹಚ್ಚಿ ಮೂಲೆಗೊಂದು ಸ್ಕ್ರೂ. ಸ್ಕ್ರೂಗೆ ಮೊದಲು ಸಣ್ಣ ಬಿಟ್‌ನಲ್ಲಿ ತೂತು ಕೊರೆಯಲೇಬೇಕು, ತುದಿಗೆ ಹತ್ತಿರವಾದ್ದರಿಂದ ಮರ ಸೀಳಿಬಿಡುತ್ತದೆ. ಅಂಟು ಆರುವ ಮೊದಲು ಚೌಕವನ್ನು ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳೆಯಬೇಕು. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ ಇದೆ. ಮಾವ ಮೂಲೆಮಟ್ಟವನ್ನೂ ಇಟ್ಟು ನೋಡದೆ ಬಿಡಲಿಲ್ಲ.

ಬಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಕಿಟಕಿಗೆ ಹಾಕುವ ಫೈಬರ್ ಗ್ಲಾಸ್ ಜಾಲರಿ ಬೇಡ. ಕತ್ತರಿಸಿದ ಅಂಚಿನಿಂದ ಗಾಜಿನ ಎಳೆ ಉದುರುತ್ತದೆ, ಕೆಳಗಿರುವುದು ನಾವು ತಿನ್ನುವ ವಸ್ತು. ನೈಲಾನ್ ಬಲೆಯೇ ಸರಿ. ಒಂದು ಭಾಗಕ್ಕೆ ನಾಲ್ಕಡಿ ಅಗಲ, ನಾಲ್ಕಡಿ ಉದ್ದದ ಒಂದು ತುಂಡು ಸಾಕು. ಮೇಲೆ ಹೊದಿಸಿ ನಾಲ್ಕೂ ಬದಿಗೆ ಇಳಿಬಿಟ್ಟು, ಮೂಲೆಯಲ್ಲಿ ಕತ್ತರಿಸದೆ ಮಡಿಸಿ ಒಳಕ್ಕೆ ಸೇರಿಸಿದೆ. ಸ್ಟೇಪಲ್ ಹೊಡೆಯುವಾಗ ಪ್ರತಿ ಬದಿಯ ನಡುವಿನಿಂದ ಶುರು ಮಾಡಿ ಮೂಲೆಗೆ ಬರಬೇಕು. ಮೂಲೆಯಿಂದ ಶುರು ಮಾಡಿದರೆ ನಡುವೆ ಸುಕ್ಕು ಕಟ್ಟುತ್ತದೆ, ಬಲೆ ಜೋತುಬಿದ್ದು ಹಸಿ ಸಂಡಿಗೆಗೆ ಅಂಟುತ್ತದೆ. ಸ್ಟೇಪಲ್‌ಗಳ ಮೇಲೆ ತೆಳು ಬೀಡಿಂಗ್ ಪಟ್ಟಿ ಹೊಡೆದಿದ್ದೇನೆ. ಪಿನ್ನು ಸಡಿಲವಾದರೂ ಒಳಗೆ ಬೀಳಬಾರದು.

ಒಂದೊಂದು ಭಾಗ ಮೂರು ಕಿಲೋ ಆಸುಪಾಸು ಬಂತು. ಅತ್ತೆ ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಗಾಳಿಗೆ ಹಾರದ ಹಾಗೆ ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಕೊಕ್ಕೆ ಹಾಕಿ ಮಂಚದ ಪೈಪಿಗೆ ಎಳೆದು ಸಿಕ್ಕಿಸುತ್ತೇವೆ.

ಎತ್ತರ, ಇರುವೆ, ನೆರಳು

ನಾಲ್ಕು ಕಾಲಿನ ಕೆಳಗೆ ಎಂಟಿಂಚಿನ ಸಾಲಿಡ್ ಬ್ಲಾಕ್ ಇಟ್ಟೆ. ಮಂಚ 26 ಇಂಚಿಗೆ ಏರಿತು. ಕುರ್ಚಿ ಹಾಕಿಕೊಂಡು ಕೂತರೆ ಅತ್ತೆಯ ಮೊಣಕೈಗೆ ಸರಿಯಾಗಿ ಬರುತ್ತದೆ. ಬ್ಲಾಕಿನ ಮೇಲೆ ಸ್ಟೀಲ್ ಬಟ್ಟಲು, ಅದರಲ್ಲಿ ನೀರು, ನೀರಲ್ಲಿ ಕಾಲು. ಹಳೆ ಮನೆಗಳಲ್ಲಿ ತಿಂಡಿ ಬೀರುವಿನ ಕಾಲಿಗೆ ಕಲ್ಲಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ಕಬ್ಬಿಣದ ಕಾಲು ನೀರಿಗೆ ತುಕ್ಕು ಹಿಡಿಯದಂತೆ ಪಿವಿಸಿ ಪೈಪಿನ ಮುಚ್ಚಳ ತೊಡಿಸಿದ್ದೇನೆ. ಬಟ್ಟಲಿನ ನೀರನ್ನು ಪ್ರತಿದಿನ ಚೆಲ್ಲಿ ಹೊಸದು ಹಾಕಲೇಬೇಕು. ಡೆಂಗ್ಯೂ ತರುವ ಸೊಳ್ಳೆಗೆ ಬಟ್ಟಲಿನಷ್ಟು ನಿಂತ ನೀರೇ ಸಾಕು.

ಮಂಚ ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನೀರಿನ ಟ್ಯಾಂಕಿನ ನೆರಳು ನೋಡಿಕೊಂಡೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜನವರಿ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹತ್ತಡಿ ಎತ್ತರದ ಟ್ಯಾಂಕಿನ ನೆರಳು ಉತ್ತರಕ್ಕೆ ಆರಡಿ ಹತ್ತಿರ ಚಾಚುತ್ತದೆ. ಮಾರ್ಚ್ ನಡುವಿಗೆ ಅದೇ ನೆರಳು ಮೂರಡಿಗಿಂತ ಕಡಿಮೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಲಡಿಗೆ ಸೇರುತ್ತದೆ. ಆದ್ದರಿಂದ ಫೆಬ್ರವರಿಯಲ್ಲಿ ಟ್ಯಾಂಕಿನ ದಕ್ಷಿಣಕ್ಕೆ ಮಂಚ ಇಟ್ಟರೆ ಮಧ್ಯಾಹ್ನದ ಒಳ್ಳೆ ಬಿಸಿಲು ತಪ್ಪುವುದಿಲ್ಲ. ಅಪಾರ್ಟ್‌ಮೆಂಟ್ ಬಾಲ್ಕನಿ ಇರುವವರಿಗೂ ಇದೇ ಲೆಕ್ಕ: ದಕ್ಷಿಣ ಮುಖದ ಬಾಲ್ಕನಿಗೆ ಫೆಬ್ರವರಿಯಲ್ಲಿ ಬಿಸಿಲು ಒಳಗೆ ಬರುತ್ತದೆ, ಏಪ್ರಿಲ್‌ಗೆ ಮೇಲಿನ ಮನೆಯ ಸ್ಲ್ಯಾಬೇ ಅದನ್ನು ತಡೆಯುತ್ತದೆ. ಬಾಲ್ಕನಿಯವರು ಬೇಗ ಶುರು ಮಾಡಬೇಕು.

ಮೊದಲ ಸುತ್ತು

ಶುರುವಿಗೆ ಬಾಳಕದ ಮೆಣಸಿನಕಾಯಿ. ಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ತೆಗೆದು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಮುಗಿಯುವವರೆಗೆ ಇದೇ ಓಡಾಟ. ಮಂಚದ ಮೇಲೆ ಇದಕ್ಕೆ ಬಟ್ಟೆಯ ಬದಲು ಬಲೆಯ ಉಳಿದ ತುಂಡು ಹಾಸಿದೆ. ಮಜ್ಜಿಗೆ ಕೆಳಗೆ ತೊಟ್ಟಿಕ್ಕಿ ಹೋಗುತ್ತದೆ, ಕಾಯಿ ಅದರಲ್ಲೇ ಕೂತು ಲೋಳೆಯಾಗುವುದಿಲ್ಲ. ನೆಲದ ಮೇಲೆ ತಟ್ಟೆಯಲ್ಲಿ ಒಣಗಿಸುವಾಗ ಮಧ್ಯಾಹ್ನ ಒಮ್ಮೆ ತಿರುವಿ ಹಾಕಬೇಕಿತ್ತು. ಈಗ ಆ ಕೆಲಸವೇ ಇಲ್ಲ.

ಆಮೇಲೆ ಸಬ್ಬಕ್ಕಿ ಸಂಡಿಗೆ. ರಾತ್ರಿ ನೆನೆದ ಸಬ್ಬಕ್ಕಿಯನ್ನು ಕಾಳು ಗಾಜಿನಂತೆ ತಿಳಿಯಾಗುವವರೆಗೆ ಬೇಯಿಸಿ, ಹಸಿಮೆಣಸು, ಜೀರಿಗೆ, ಇಂಗು ರುಬ್ಬಿ ಹಾಕಿ, ಇಳಿಸಿದ ಮೇಲೆ ನಿಂಬೆರಸ. ಉಪ್ಪು ನಾಲಿಗೆಗೆ ಸ್ವಲ್ಪ ಕಡಿಮೆ ಅನ್ನಿಸುವಷ್ಟೇ ಇರಬೇಕು, ಒಣಗಿ ಕುಗ್ಗಿದಾಗ ಅದು ಸರಿಯಾಗುತ್ತದೆ. ಈಗೀಗ ಎಲ್ಲರೂ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡುತ್ತಾರೆ, ಬಿಡಿಸಲು ಸುಲಭ. ಆದರೆ ಪ್ಲಾಸ್ಟಿಕ್ ಹಾಸಿದರೆ ಕೆಳಗಿನ ಗಾಳಿ ಸುಮ್ನೆ ದಂಡ. ಮಾವನ ಹಳೆಯ ಪಂಚೆಯನ್ನು ತೊಳೆದು, ಒದ್ದೆಯಾಗಿ ಹಿಂಡಿ, ನವಾರಿನ ಮೇಲೆ ಬಿಗಿಯಾಗಿ ಹಾಸಿದೆವು. ಹಿಟ್ಟು ಗಟ್ಟಿಯಾಗಿಯೇ ಇರಬೇಕು, ನೀರಾದರೆ ಬಟ್ಟೆಯಲ್ಲಿ ಇಳಿಯುತ್ತದೆ.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಸೌಟಿನಿಂದ ಒಂದು ಸುರಿದು, ಸೌಟಿನ ಬೆನ್ನಿನಿಂದ ಒಂದೇ ಸುತ್ತು. ಒಂದರ ಪಕ್ಕ ಒಂದು, ಅಂಚು ತಾಗದ ಹಾಗೆ. ನಾನು ಹಾಕಿದ್ದು ಅಂಚು ದಪ್ಪ, ನಡು ತೆಳು. "ನಡುವಿಂದ ಆಚೆಗೆ ಬಾ, ಒತ್ತಬೇಡ" ಅಂದರು. ಅರ್ಧ ಮಂಚ ತುಂಬಿದ ಮೇಲೆ ಆ ಕಡೆಯ ಮುಚ್ಚಳ ಹಾಕಿ, ಇನ್ನರ್ಧಕ್ಕೆ ಹೋದೆವು. ಎರಡು ಭಾಗ ಮಾಡಿದ್ದಕ್ಕೆ ಈ ಅನುಕೂಲವೂ ಸಿಕ್ಕಿತು. ಪಾರಿವಾಳಗಳು ಬಂದು ಬಲೆಯ ಮೇಲೆ ಕೂತವು, ಕೊಕ್ಕು ಇಳಿಸಿ ನೋಡಿದವು, ಅರ್ಧ ಅಡಿ ಕೆಳಗಿದ್ದುದು ಸಿಗಲಿಲ್ಲ. ಅವುಗಳ ಹಿಕ್ಕೆ ಬೀಳುವ ಭಯ ಮಾತ್ರ ಇತ್ತು. ಮುಚ್ಚಳದ ನಾಲ್ಕು ಮೂಲೆಗೆ ಹಳೆ ಸಿಡಿ ಕಟ್ಟಿದ ಮೇಲೆ ಕೂರುವುದು ಕಡಿಮೆಯಾಗಿದೆ.

ಸಂಜೆ ಐದಕ್ಕೆ ಇಬ್ಬನಿ ಇಳಿಯುವ ಮೊದಲೇ ಬಟ್ಟೆಯ ಸಮೇತ ಒಳಗೆ ತರಬೇಕು. ಮೇಲ್ಭಾಗ ಒಣಗಿದ ಮೇಲೆ ಬಟ್ಟೆ ತಿರುವಿ ಹಾಕಿ, ಬೆನ್ನಿಗೆ ನೀರು ಚಿಮುಕಿಸಿ, ಒಂದು ನಿಮಿಷ ಬಿಟ್ಟು ಎಳೆದರೆ ಸಂಡಿಗೆ ಒಂದೊಂದೇ ಬಿಟ್ಟುಕೊಂಡು ಬರುತ್ತದೆ. ಆಮೇಲೆ ಬಿಡಿಬಿಡಿಯಾಗಿ ಬಲೆಯ ಮೇಲೆ ಹರವಿ ಮತ್ತೆ ಬಿಸಿಲು. ಮುರಿದರೆ ಟಕ್ ಅನ್ನಬೇಕು, ಬಾಗಬಾರದು. ಎಣ್ಣೆಗೆ ಹಾಕಿದರೆ ನಡುವೆ ಗಟ್ಟಿ ಉಳಿಯದೆ ಅರಳಬೇಕು. ನಮ್ಮದು ಅರಳಿತು. ಪರೀಕ್ಷೆಗೆ ಓದುತ್ತಿದ್ದ ಮಗಳು ವಾಸನೆಗೇ ಎದ್ದು ಬಂದಳು.

ಒಂದು ಕೊರತೆ ಇದೆ. ಬಲೆಯ ನೆರಳಿನಿಂದ ಬಿಸಿಲು ಸ್ವಲ್ಪ ಕಡಿಮೆಯಾಗುತ್ತದೆ, ಅದು ನಿಜ. ಅಡಿಯ ಗಾಳಿ ಅದನ್ನು ತುಂಬಿಕೊಡುತ್ತದೆ ಅಂತ ನನ್ನ ಅನುಭವ. ನೆಲದ ಮೇಲೆ ಇಟ್ಟಾಗ ಕೆಳಭಾಗ ಹಸಿಯಾಗಿ ಉಳಿಯುತ್ತಿತ್ತು, ಇಲ್ಲಿ ಎರಡೂ ಬದಿ ಒಟ್ಟಿಗೇ ಒಣಗಿದವು.

ಮಿಕ್ಕಿರುವ ನಾಲ್ಕು ಮೀಟರ್ ನವಾರಿನಲ್ಲಿ ಮಂಚದ ಕೆಳಗೆ ಇನ್ನೊಂದು ಹಂತ ಕಟ್ಟಬೇಕು ಅಂತಿದೆ, ನೆರಳಲ್ಲಿ ಒಣಗಬೇಕಾದ ಕರಿಬೇವು, ಮೆಂತ್ಯ ಸೊಪ್ಪಿಗೆ. ಬೂದುಗುಂಬಳಕಾಯಿ ಆಗಲೇ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತಿದೆ. ಅವಲಕ್ಕಿ ತರಲು ಅತ್ತೆ ಚೀಟಿ ಬರೆದು ಕೊಟ್ಟಿದ್ದಾರೆ, ಎರಡು ಕಿಲೋ, ದಪ್ಪದ್ದು.